ನೊಣದ ಕಣ್ಣಿನ ಸಂಶೋಧನೆ ದಂಡವಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು, ನೊಣ ಹೇಗೆ ನೋಡುತ್ತದೆ ಎಂದು ತಿಳಿಯಲು ವರ್ಷಗಟ್ಟಲೆ ದುಡ್ಡು ಸುರಿಯುವುದು ದಂಡ ಎಂದು ಬರೆದಿದ್ದರು. ಎರಡು ಸಲ ಓದಿದೆ. ಒಪ್ಪಲು ಆಗಲಿಲ್ಲ. ಅದಕ್ಕೇ ಈ ಪತ್ರ.

ನಮ್ಮದು ಮಹಾಲಿಂಗಪುರದ ಹತ್ತಿರ ಬೆಲ್ಲದ ಗಾಣ. ಮದುವೆಯಾಗಿ ಬಂದು ಇಪ್ಪತ್ತೆಂಟು ವರ್ಷವಾಯಿತು. ಅಂದಿನಿಂದ ನೊಣ ಓಡಿಸುವುದು ನನ್ನ ಕೆಲಸ. ದೀಪಾವಳಿ ಮುಗಿದು ಗಾಣ ಚಾಲೂ ಆಯಿತೆಂದರೆ ಅವೂ ಬಂದವು. ಆರಲು ಇಟ್ಟ ಬೆಲ್ಲದ ಪೆಂಟೆಗಳ ಮೇಲೆ ದೊಡ್ಡ ನೊಣ. ಹುಳಿ ಬಂದ ಕಬ್ಬಿನ ಹಾಲಿನ ಡಬ್ಬಿಯ ಸುತ್ತ ಎಳ್ಳಿನ ಕಾಳಿನಷ್ಟು ಸಣ್ಣ ನೊಣ. ಅರಿವೆ ಬೀಸಿ ಬೀಸಿ ನನ್ನ ಬಲರಟ್ಟೆ ಈಗಲೂ ನೋಯುತ್ತದೆ. ಒಂದು ಸಂಗತಿ ನಾನು ಬೇಗನೇ ಗಮನಿಸಿದ್ದೆ. ಜೋರಾಗಿ ಕೈ ಬೀಸಿದರೆ ನೊಣ ಸಿಗುವುದೇ ಇಲ್ಲ. ತೀರಾ ಮೆಲ್ಲಗೆ ಕೈ ತಂದರೆ ಎಷ್ಟೋ ಸಲ ಕೂತಲ್ಲೇ ಕೂತಿರುತ್ತದೆ. ಯಾಕೆ ಎಂದು ಅತ್ತೆಯವರನ್ನು ಕೇಳಿದ್ದೆ. ಅವರಿಗೂ ಗೊತ್ತಿರಲಿಲ್ಲ. ಮುಂದೆ ನನ್ನ ಮಗಳು ಇದೇ ಪ್ರಶ್ನೆಯನ್ನು ಶಾಲೆಯಲ್ಲಿ ಕೇಳಿ ಬೈಸಿಕೊಂಡು ಬಂದಳು. ಅದೇ ಹುಡುಗಿ ಈಗ ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. ಈ ಸಲ ರಜೆಗೆ ಬಂದಾಗ ಕಡಾಯಿ ಪಕ್ಕ ಕೂತು ಉತ್ತರ ಹೇಳಿದಳು. ನನಗೆ ತಿಳಿಯುವವರೆಗೆ ಮೂರು ಸಲ ಹೇಳಿಸಿದೆ.

ಆ ಸಣ್ಣ ನೊಣದ ಒಂದೊಂದು ಕಣ್ಣಿನೊಳಗೆ ಸುಮಾರು 750 ಪುಟ್ಟ ಕಣ್ಣುಗಳಿವೆ. ತನ್ನ ಎದುರಿನ ಚುಕ್ಕೆಯಷ್ಟು ಜಾಗದಲ್ಲಿ ಬೆಳಕು ಹೆಚ್ಚಿತೋ ಕಡಿಮೆಯಾಯಿತೋ, ಅಷ್ಟೇ ಒಂದೊಂದಕ್ಕೂ ಗೊತ್ತು. ಕೈ ಎಡದಿಂದ ಬಂತೋ ಬಲದಿಂದ ಬಂತೋ ಎಂಬುದು ಒಂಟಿ ಪುಟ್ಟ ಕಣ್ಣಿಗೆ ತಿಳಿಯುವಂತೆಯೇ ಇಲ್ಲ. ಹಾಗಾದರೆ ದಿಕ್ಕು ಗೊತ್ತಾಗುವುದು ಹೇಗೆ?

ನನಗೆ ಇದು ಅರ್ಥವಾದದ್ದು ನಾಯಿಗಳಿಂದ. ಕಾಲುವೆ ದಂಡೆಯ ಮನೆಯಲ್ಲಿ ಒಂದು ನಾಯಿ ಇದೆ, ನಮ್ಮ ಗಾಣದಲ್ಲಿ ಒಂದು. ರಾತ್ರಿ ಮೊದಲು ಕಾಲುವೆ ನಾಯಿ ಬೊಗಳಿ ಆಮೇಲೆ ನಮ್ಮದು ಬೊಗಳಿದರೆ, ಕಬ್ಬಿನ ಟ್ರ್ಯಾಕ್ಟರ್ ಈ ಕಡೆ ಬರುತ್ತಿದೆ ಎಂದು ಮಲಗಿದಲ್ಲೇ ಗೊತ್ತಾಗುತ್ತದೆ. ಮೊದಲು ನಮ್ಮದು ಬೊಗಳಿದರೆ ಟ್ರ್ಯಾಕ್ಟರ್ ಆ ಕಡೆ ಹೊರಟಿದೆ. ನೊಣದ ತಲೆಯಲ್ಲೂ ಹೀಗೇ ನಡೆಯುತ್ತದೆ. ಅಕ್ಕಪಕ್ಕದ ಎರಡು ಚುಕ್ಕೆಗಳ ಸುದ್ದಿ ಒಂದು ಜೀವಕೋಶಕ್ಕೆ ಬರುತ್ತದೆ. ಒಂದರ ಸುದ್ದಿ ತುಸು ತಡವಾಗಿ, ಇನ್ನೊಂದರದು ಬೇಗ. ನೆರಳು ಒಂದು ದಿಕ್ಕಿನಲ್ಲಿ ಸರಿದರೆ ಎರಡೂ ಸುದ್ದಿ ಒಟ್ಟಿಗೇ ಬಂದು ಮುಟ್ಟುತ್ತವೆ, ಕೋಶ ಎಚ್ಚರಗೊಳ್ಳುತ್ತದೆ. ಉಲ್ಟಾ ಸರಿದರೆ ಬೇರೆ ಬೇರೆ ಹೊತ್ತಿಗೆ ಬರುತ್ತವೆ, ಅದು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಕೈ ತೀರಾ ಮೆಲ್ಲಗೆ ಬಂದರೆ ಎರಡು ಸುದ್ದಿಗಳ ನಡುವೆ ಬಹಳ ಹೊತ್ತಾಗಿ ಅವು ಕೂಡುವುದೇ ಇಲ್ಲ, ಹಾಗಾಗಿ ಅದು ಈ ಲೆಕ್ಕಕ್ಕೆ ಸಿಗುವುದು ಕಷ್ಟ. ಇಪ್ಪತ್ತೆಂಟು ವರ್ಷದ ನನ್ನ ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಈ ಲೆಕ್ಕವನ್ನು ಬರೆದವರು ಜರ್ಮನಿಯ ಇಬ್ಬರು. ಬರ್ನ್‌ಹಾರ್ಡ್ ಹಾಸೆನ್‌ಸ್ಟೈನ್ ಜೀವಶಾಸ್ತ್ರದವರು, ವರ್ನರ್ ರೈಖಾರ್ಟ್ ಭೌತಶಾಸ್ತ್ರದವರು. ವರ್ಷ 1956. ಅವರು ನೋಡಿದ್ದು ಒಂದು ಮೂತಿ ಹುಳುವನ್ನು. ಅದನ್ನು ಬೆನ್ನಿನ ಕಡೆಯಿಂದ ಅಂಟಿಸಿ ಗಾಳಿಯಲ್ಲಿ ಹಿಡಿದರು. ಕಾಲಿಗೆ ಹಗುರವಾದ ಕಡ್ಡಿಗಳಿಂದ ಕಟ್ಟಿದ ಚೆಂಡು ಕೊಟ್ಟರು. ಹುಳು ನಡೆದಂತೆ ಚೆಂಡು ತಿರುಗುತ್ತದೆ, ಮತ್ತೆ ಮತ್ತೆ ಕವಲು ಎದುರಾಗುತ್ತದೆ. ಸುತ್ತ ಪಟ್ಟೆಗಳನ್ನು ತಿರುಗಿಸುತ್ತ, ಹುಳು ಎಡಕ್ಕೆ ಎಷ್ಟು ಸಲ ಹೊರಳಿತು, ಬಲಕ್ಕೆ ಎಷ್ಟು ಸಲ ಎಂದು ಎಣಿಸಿದರು. ಕಡ್ಡಿ, ಪಟ್ಟೆ, ತಾಳ್ಮೆಯ ಎಣಿಕೆ. ದುಡ್ಡು ಸುರಿದರು ಎನ್ನುವವರು ಇದನ್ನು ಗಮನಿಸಬೇಕು.

ಆದರೆ ಕಾಗದದ ಮೇಲಿನ ಆ ಲೆಕ್ಕ ಮಿದುಳಿನಲ್ಲಿ ಎಲ್ಲಿ ನಡೆಯುತ್ತದೆ ಎಂದು ಗೊತ್ತಾಗಲು ಬಹಳ ಕಾಲ ಹಿಡಿಯಿತು. ಮ್ಯೂನಿಕ್ ಹತ್ತಿರದ ಮಾರ್ಟಿನ್ಸ್‌ರೀಡ್‌ನಲ್ಲಿ ಮಾಕ್ಸ್ ಪ್ಲಾಂಕ್ ಸಂಸ್ಥೆಯ ಅಲೆಕ್ಸಾಂಡರ್ ಬೋರ್ಸ್ಟ್ ಮತ್ತು ಅವರ ಜೊತೆಯವರು ನೊಣದ ಮಿದುಳಿನಲ್ಲಿ ಇದನ್ನೇ ಹುಡುಕುತ್ತ ಬಂದರು. 2013ರಲ್ಲಿ ಟಿ4, ಟಿ5 ಎಂಬ ಕೋಶಗಳ ಕೆಲಸ ಬಯಲಾಯಿತು. ಟಿ4 ಬೆಳಕಿನ ಅಂಚು ಸರಿಯುವುದನ್ನು ಹಿಡಿಯುತ್ತದೆ, ಟಿ5 ಕತ್ತಲಿನ ಅಂಚನ್ನು. ಎರಡರಲ್ಲೂ ನಾಲ್ಕು ಗುಂಪು. ಮೇಲೆ, ಕೆಳಗೆ, ಹಿಂದೆ, ಮುಂದೆ, ಗುಂಪಿಗೊಂದು ದಿಕ್ಕು. 2022ರಲ್ಲಿ ಅದೇ ತಂಡ, ಒಂದೇ ಒಂದು ಟಿ4 ಕೋಶ ಎರಡು ಸುದ್ದಿಗಳನ್ನು ಗುಣಾಕಾರ ಮಾಡುವುದು, ಅಂದರೆ ಎರಡೂ ಒಟ್ಟಿಗೆ ಬಂದಾಗಲೇ ಜೋರಾಗಿ ಎಚ್ಚರಗೊಳ್ಳುವುದು ಹೇಗೆ ಎಂದು ತೋರಿಸಿತು. ಹೊಲಕ್ಕೆ ನೀರು ಬಿಟ್ಟವರಿಗೆ ಇದು ತಿಳಿಯುತ್ತದೆ. ಬದು ಒಡೆದಿದ್ದರೆ ಮೋಟಾರು ಎಷ್ಟು ಹೊತ್ತು ಓಡಿದರೂ ಮಡಿ ತುಂಬುವುದಿಲ್ಲ. ಒಡಕು ಮುಚ್ಚಿದ ಹೊತ್ತಿಗೇ ಮೋಟಾರು ಚಾಲೂ ಆದರೆ ನೀರು ಸರ್ರನೆ ಏರುತ್ತದೆ. ಟಿ4 ಕೋಶದಲ್ಲೂ ಒಂದು ಸುದ್ದಿ ಸೋರಿಕೆ ಮುಚ್ಚುತ್ತದೆ, ಇನ್ನೊಂದು ಒಳಗೆ ತುಂಬುತ್ತದೆ. "ಅವ್ವಾ, ಇಷ್ಟು ತಿಳಿಯಾಕ ಅರವತ್ತು ವರ್ಷದ ಮ್ಯಾಲೆ ಬೇಕಾತು ನೋಡ" ಎಂದಳು ಮಗಳು. ನನಗೆ ಮೈ ಜುಮ್ಮೆಂದಿತು.

ನೊಣದ್ದು ನೊಣಕ್ಕಾಯಿತು, ನಮಗೇನು ಎಂದು ಆ ಓದುಗರು ಕೇಳಬಹುದು. ಅವರಿಗೆ ಇನ್ನೊಂದು ವಿಷಯ ಹೇಳಬೇಕು. 1983ರಲ್ಲಿ ಮ್ಯೂನಿಕ್‌ನ ಸಂಶೋಧಕರು ಒಬ್ಬ ಹೆಂಗಸಿನ ಬಗ್ಗೆ ಬರೆದರು. ಆಕೆಯ ಮಿದುಳಿನ ಎರಡೂ ಕಡೆ ಹಾನಿಯಾಗಿತ್ತು. ಬಣ್ಣ, ಆಕಾರ ಕಾಣುತ್ತಿತ್ತು. ಚಲನೆ ಮಾತ್ರ ಕಾಣುತ್ತಿರಲಿಲ್ಲ. ಕಪ್ಪಿಗೆ ಚಹಾ ಸುರಿದರೆ ಅದು ಹೆಪ್ಪುಗಟ್ಟಿದ ಹಾಗೆ ತೋರುತ್ತಿತ್ತು. ತುಂಬುತ್ತ ಬಂದದ್ದು ತಿಳಿಯದೆ ಚೆಲ್ಲಿ ಹೋಗುತ್ತಿತ್ತು. ರಸ್ತೆಯಲ್ಲಿ ದೂರವಿದ್ದ ಕಾರು ಒಮ್ಮೆಗೇ ಹತ್ತಿರ ನಿಂತಿರುತ್ತಿತ್ತು.

ಇದನ್ನು ಕೇಳಿದ ದಿನ ನಾನು ಕಡಾಯಿ ಮುಂದೆ ಬಹಳ ಹೊತ್ತು ನಿಂತೆ. ನಮ್ಮ ಕಸುಬೇ ಚಲನೆ ನೋಡುವುದು. ಕುದಿಯುವ ಹಾಲಿನ ನೊರೆ ಯಾವ ಕಡೆಯಿಂದ ಏಳುತ್ತದೆ, ಗುಳ್ಳೆ ದೊಡ್ಡದಾಗಿ ಮೆಲ್ಲಗೆ ಯಾವಾಗ ಒಡೆಯುತ್ತದೆ, ಅದರ ಮೇಲೆಯೇ ಹದ. ಒಂದು ಕ್ಷಣ ತಪ್ಪಿದರೆ ಉಕ್ಕಿ ಮೈಮೇಲೆ ಬರುತ್ತದೆ. ಅದು ನನಗೆ ಕಾಣದೇ ಹೋದರೆ? ನಮ್ಮಂಥ ಪ್ರಾಣಿಗಳ ಕಣ್ಣಿನ ಪರದೆಯಲ್ಲೂ ಬೆಳಕಿಗೆ ಒಂದು ದಾರಿ, ಕತ್ತಲಿಗೆ ಇನ್ನೊಂದು ದಾರಿ ಇದೆಯಂತೆ. ಈ ಲೆಕ್ಕವನ್ನು ನಮ್ಮ ಮಿದುಳಿನಲ್ಲಿ ಮೊದಲೇ ಹುಡುಕಲು ಹೊರಟರೆ ನರಕೋಶಗಳೇ ಸುಮಾರು 8,600 ಕೋಟಿ. ಆ ಸಣ್ಣ ನೊಣದ ಮಿದುಳಿನಲ್ಲಿ 1.39 ಲಕ್ಷ ಚಿಲ್ಲರೆ, 2024ರಲ್ಲಿ ಅಷ್ಟನ್ನೂ ನಕ್ಷೆ ಮಾಡಿದ್ದಾರೆ. ಕಲಿಯುವವರು ಚಿಕ್ಕದರಿಂದ ಶುರುಮಾಡಿದ್ದು ಸರಿಯೇ ಅಲ್ವಾ?

ನಮ್ಮ ನಾಡಿಗೂ ಈ ನೊಣ ಹೊಸದಲ್ಲ. ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಕಟ್ಟಿದ ಒಬೈದ್ ಸಿದ್ದಿಕಿ ಅವರು ಇದೇ ಸಣ್ಣ ನೊಣವನ್ನು ಇಟ್ಟುಕೊಂಡು ವಾಸನೆ, ರುಚಿ ತಿಳಿಯುವ ಬಗೆಯನ್ನು ಹುಡುಕಿದವರು.

ನಾನು ಓದಿದ್ದು ಏಳನೇ ಇಯತ್ತೆ. ನನಗೇ ಇಷ್ಟು ತಿಳಿಯಿತೆಂದರೆ ಮಕ್ಕಳಿಗೆ ಜಾಸ್ತಿಯೇ ತಿಳಿಯುತ್ತದೆ. ಹಾಗಾಗಿ ನಿಮ್ಮಲ್ಲಿ ಒಂದು ಬೇಡಿಕೆ. ಆ ಎರಡು ಚುಕ್ಕೆ, ತಡವಾಗಿ ಬರುವ ಸುದ್ದಿ, ಎರಡೂ ಕೂಡುವ ಕೋಶ, ಇಷ್ಟನ್ನು ಒಂದು ಚಿತ್ರವಾಗಿ ಮಕ್ಕಳ ಪುಟದಲ್ಲಿ ಅಚ್ಚು ಹಾಕಿ. ದೊಡ್ಡದಾಗಿಯೇ ಹಾಕಿ. ನಮ್ಮೂರ ಶಾಲೆಯ ಗೋಡೆಗೆ ಅಂಟಿಸುವ ಕೆಲಸ ನನ್ನದು.

— ಗಾಣದ ಮನೆಯ ಒಬ್ಬ ಓದುಗಳು, ಮಹಾಲಿಂಗಪುರ, ಬಾಗಲಕೋಟೆ ಜಿಲ್ಲೆ