47 ಸೆಂಟಿಮೀಟರ್ ಎಲ್ಲಿ, ಅಳಿಯಾ?

ಕುಷ್ಟಗಿ

ಚಿರಂಜೀವಿ ಅಳಿಯನಿಗೆ ಮಾವ ಮಾಡುವ ಆಶೀರ್ವಾದಗಳು.

ಹಿಮಾಚಲದ ಊಟ ಸೇರುತ್ತಿಲ್ಲ ಅಂದೆಯಂತೆ. ನಿಮ್ಮವ್ವ ಶೇಂಗಾ ಚಟ್ನಿ ಪಾರ್ಸೆಲ್ ಮಾಡಿದ್ದಾಳೆ. ನಾನು ನೀನು ಕಳಿಸಿದ ಕೋರ್ ಬಾಕ್ಸ್ ಫೋಟೊಗೆ ಬರುತ್ತೇನೆ, ಅದೇ ನಿಮ್ಮ ಸುರಂಗದ ಜಾಗದಲ್ಲಿ ಕೊರೆದು ತೆಗೆದ ಕಲ್ಲಿನ ತುಂಡುಗಳನ್ನು (ಕೋರ್) ಸಾಲಾಗಿ ಜೋಡಿಸಿಟ್ಟ ಪೆಟ್ಟಿಗೆ.

ಎರಡನೇ ಸಾಲು ನೋಡು. ಒಂದೂವರೆ ಮೀಟರ್ ಕೊರೆದಿದ್ದೀರಿ. ಬಂದ ತುಂಡು ಆರು: 22, 18, 8, 31, 5, 19 ಸೆಂಟಿಮೀಟರ್. ಹತ್ತಕ್ಕಿಂತ ಗಿಡ್ಡವನ್ನು ಬಿಟ್ಟು ಕೂಡಿಸಿದರೆ 90, ಅಂದರೆ ಕೊರೆದ 150ರಲ್ಲಿ ನೂರಕ್ಕೆ 60. ಬಂಡೆ ಎಷ್ಟು ಒಡೆಯದೆ ಉಳಿದಿದೆ ಅಂತ ತೋರಿಸುವ ಆರ್‌ಕ್ಯೂಡಿ 60, "ಪರವಾಗಿಲ್ಲ ಅಲ್ವಾ ಮಾವ" ಅಂತ ಬರೆದಿದ್ದೀಯ. ಲೆಕ್ಕ ಸರಿ. ಆದರೆ ಆರೂ ತುಂಡು ಸೇರಿ 103 ಅಷ್ಟೇ. ಮಿಕ್ಕ 47 ಎಲ್ಲಿ? ಜೇಡಿಯೋ ಪುಡಿಗಲ್ಲೋ ಇದ್ದು ನೀರಿನ ಜೊತೆ ತೊಳೆದುಹೋಗಿರಬೇಕು. ಸುರಂಗ ಕುಸಿದರೆ 31ರ ತುಂಡಿನ ಹತ್ತಿರ ಕುಸಿಯಲ್ಲ, ಆ 47ರ ಹತ್ತಿರ.

ಇದನ್ನು ಯಾರಿಗೂ ಹೇಳಿಲ್ಲ. ನಾನು ಡ್ರಿಲ್ಲಿಂಗಿಗೆ ಸೇರಿದ ಹೊಸತು. ಹೆಲ್ಪರ್ ಹುಡುಗ ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿ ಬಾಕ್ಸ್ ಚಂದ ಮಾಡಿಟ್ಟ. ನಾನೂ ಸುಮ್ನೆ ಸಹಿ ಹಾಕಿದೆ. ಮುಂದೆ ಅದೇ ಆಳಕ್ಕೆ ಅಗೆದಾಗ ಜೇಡಿ ಸುರಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಪುಣ್ಯ. ಬೈಗುಳ ಅಗೆದವರಿಗೆ ಹೋಯಿತು, ನನಗಲ್ಲ. ಅದೇ ಇನ್ನೂ ಚುಚ್ಚುತ್ತದೆ.

ಕೋರ್ ಬಾರದ ಕಡೆ ಅಷ್ಟೇ ಉದ್ದದ ಕಟ್ಟಿಗೆ ಇಡಿಸಿ, ಆಳ ಬರೆಸು. ಡ್ರಿಲ್ಲರ್ ಹತ್ತಿರ ಕೂತು ಚಹಾ ಕುಡಿ. ರಾಡ್ ಎಲ್ಲಿ ದಬಕ್ಕನೆ ಇಳಿಯಿತು, ಮೇಲೆ ಬರುವ ನೀರು ಎಲ್ಲಿ ನಿಂತಿತು, ಅದರ ಬಣ್ಣ ಎಲ್ಲಿ ಬದಲಾಯಿತು, ಎಲ್ಲಾ ಅವನಿಗೆ ಗೊತ್ತು. ಕೇಳುವವರೇ ಇಲ್ಲ. ಮುರಿದ ಮುಖ ಹೊಚ್ಚ ಹೊಸದಾಗಿದ್ದರೆ ಕೊರೆಯುವಾಗ ಮುರಿದದ್ದು, ಜೋಡಿಸಿ ಒಂದೇ ತುಂಡು ಅಂತ ಅಳೆ. ತುಕ್ಕು ಬಣ್ಣವೋ ಜೇಡಿಯೋ ಅಂಟಿದ್ದರೆ ಅದು ಬಂಡೆಯದೇ ಸೀಳು.

ನಮ್ಮ ಹೊಲದ ಬೋರ್ ನೆನಪಿದೆಯಲ್ಲ? ಒಂದಕ್ಕೆ ಎರಡಿಂಚು ನೀರು, ಮೂವತ್ತು ಅಡಿ ಆಚೆ ಬರೀ ಧೂಳು. ಹಿಮಾಚಲದ ಕಲ್ಲು ಬೇರೆ, ಒಪ್ಪಿದೆ. ಆದರೆ ನೆಟ್ಟಗೆ ನಿಂತ ಸೀಳಿನ ಪಕ್ಕ ನೆಟ್ಟಗೇ ಕೊರೆದರೆ ಎಲ್ಲಿದ್ದರೂ ಅದು ಸಿಗಲ್ಲ. ಓರೆಯಾಗಿ ಒಂದಾದರೂ ಬೋರ್ ಹಾಕಿಸಲು ಕೇಳು. ಖರ್ಚು ಜಾಸ್ತಿ ಅಂತಾರೆ. ಆಗ ಹಿಮಾಚಲದ್ದೇ ಆದ ಅಟಲ್ ಸುರಂಗ ನೆನಪಿಸು. 9.02 ಕಿ.ಮೀ. ಉದ್ದದಲ್ಲಿ 'ಸೇರಿ ನಾಲಾ' ಎಂಬ ಹಳ್ಳದ ಕೆಳಗಿನ ಒಡೆದ ಬಂಡೆಯ 587 ಮೀಟರ್ ದಾಟಲು ವರ್ಷಗಳೇ ಹಿಡಿದವು.

ಆ ಬಾಕ್ಸ್ ಮತ್ತೆ ತೆರೆಸು. 47ರ ಜಾಗ ಖಾಲಿ ಬಿಟ್ಟು, ಕೋರಿಗೆ ನೀರು ಚಿಮುಕಿಸಿ ಫೋಟೊ ತೆಗೆದು ಕಳಿಸು. ಚಟ್ನಿ ಮುಟ್ಟಿದ ಕೂಡಲೇ ಫೋನ್ ಮಾಡು, ನಿಮ್ಮವ್ವ ಕಾಯುತ್ತಿರುತ್ತಾಳೆ.

ನಿನ್ನ ಮಾವ