ಖಾಕಿ ಹಾಕಿದ ಮೇಲೆ ನನ್ನ ಓಟಿನ ವಿಚಾರ ಕೇಳಬೇಡಿ

ಮಾನ್ಯರೇ,

ಬಸ್ಸಿನಲ್ಲಿ ಕಂಡಕ್ಟರ್ ಒಬ್ಬರು ರಾಜಕೀಯ ಮಾತಾಡಿದರು ಅಂತ ಓದುಗರೊಬ್ಬರು ಇದೇ ಅಂಕಣದಲ್ಲಿ ಬೇಸರ ಹೇಳಿಕೊಂಡಿದ್ದರು. ಅವರ ಬೇಸರ ಸರಿಯಾಗಿಯೇ ಇದೆ. ನಾನೂ ಕಂಡಕ್ಟರ್. ಸರ್ಕಾರಿ ಬಸ್ಸಿನಲ್ಲಿ 11 ವರ್ಷದ ಸರ್ವೀಸು. ಅರಸೀಕೆರೆಯಿಂದ ತಿಪಟೂರು, ಕೆ.ಬಿ. ಕ್ರಾಸ್, ನಿಟ್ಟೂರು, ಗುಬ್ಬಿ ಮೇಲೆ ತುಮಕೂರಿಗೆ ಹೋಗಿ ಬರುತ್ತೇನೆ. ಖಾಕಿ ಹಾಕಿದ ಮೇಲೆ ಪಕ್ಷದ ಮಾತಿಗೆ ಬಾಯಿ ಬಿಡಬಾರದು ಅನ್ನೋದನ್ನು ಯಾರೂ ನನಗೆ ಹೇಳಿಕೊಡಲಿಲ್ಲ, ನಾನೇ ಪಾಲಿಸಿಕೊಂಡು ಬಂದಿದ್ದೇನೆ. ಜನ ನನ್ನನ್ನು ನೋಡಿ ಬಸ್ಸು ಹತ್ತುವುದಿಲ್ಲ. ಆ ಹೊತ್ತಿಗೆ ಇರುವುದು ಅದೊಂದೇ ಬಸ್ಸು. ನನ್ನ ಮಾತು ಹಿಡಿಸಲಿಲ್ಲ ಅಂತ ಅವರು ನಡುದಾರಿಯಲ್ಲಿ ಇಳಿದು ಹೋಗೋಕೆ ಆಗಲ್ಲ ಅಲ್ವಾ?

ಆದರೆ ನಾನೂ ಇಳಿದು ಹೋಗೋಕೆ ಆಗಲ್ಲ. ಇದನ್ನು ಹೇಳೋಕೆ ಈ ಪತ್ರ.

2023ರ ಜೂನ್ 11ರಂದು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡದೆ ಓಡಾಡುವ ಶಕ್ತಿ ಯೋಜನೆ ಶುರುವಾಯಿತು. ಅವತ್ತಿನಿಂದ ನನ್ನ ಟಿಕೆಟ್ ಮೆಷಿನ್ನೇ ರಾಜಕೀಯದ ವಸ್ತು ಆಗಿಬಿಟ್ಟಿದೆ. ಹೆಂಗಸರಿಂದ ದುಡ್ಡು ತೆಗೆದುಕೊಳ್ಳದಿದ್ದರೂ ಟಿಕೆಟ್ ಹರಿಯಲೇಬೇಕು. ಆ ಸೊನ್ನೆ ಟಿಕೆಟ್ಟಿನ ಲೆಕ್ಕದ ಮೇಲೆಯೇ ಸರ್ಕಾರ ಸಾರಿಗೆ ಸಂಸ್ಥೆಗೆ ಹಣ ಕೊಡುವುದು. ಟಿಕೆಟ್ ಕೊಡದೆ ಬಿಟ್ಟರೆ, ಗುರುತಿನ ಕಾರ್ಡ್ ನೋಡದೆ ಕೊಟ್ಟರೆ ಚೆಕಿಂಗ್‌ನವರು ಹಿಡಿಯುವುದು ನನ್ನನ್ನೇ. ನಾನು ಮಾಡುವುದು ಇಷ್ಟೇ ಕೆಲಸ. ಆದರೂ ಪ್ರತಿ ಟ್ರಿಪ್ಪಿನಲ್ಲಿ ಯಾರಾದರೂ ಒಬ್ಬರು, 'ಏನ್ ಮೇಡಂ, ನಿಮಗೆ ಈ ಬಿಟ್ಟಿ ಭಾಗ್ಯ ಸರಿ ಅನ್ಸುತ್ತಾ?' ಅಂತ ಕೇಳುತ್ತಾರೆ. 2025ರ ಜನವರಿ 5ರಿಂದ ದರ ಶೇ 15 ಜಾಸ್ತಿ ಆದಾಗಂತೂ ಗಂಡಸರ ಸಿಟ್ಟೆಲ್ಲ ನನ್ನ ಮೇಲೆ ಬಂತು. ಅವರ ಜೇಬಿಗೆ ಹೊರೆ ಬಿದ್ದಿದ್ದು ನಿಜ, ಸಿಟ್ಟು ಬರುವುದೂ ಸಹಜ. ಇನ್ನೊಂದು ಕಡೆ, 'ಮುಂದಿನ ಸಲವೂ ಇವರಿಗೇ ಅಲ್ವಾ ಅಕ್ಕ ನಮ್ಮ ಓಟು?' ಅಂತ ಕೈ ಹಿಡಿದು ಕೇಳುವ ಹೆಂಗಸರೂ ಇದ್ದಾರೆ. ಇಬ್ಬರಿಗೂ ನಾನು ಉತ್ತರ ಕೊಡುವುದಿಲ್ಲ. ಲೋಕಸಭೆ ಚುನಾವಣೆಯಲ್ಲಿ, 2024ರ ಏಪ್ರಿಲ್ 26ಕ್ಕೆ, ನಮ್ಮ ಕಡೆ ಮತದಾನ ಇತ್ತು. ಮರುದಿನ ಚಿಲ್ಲರೆ ಕೊಡುವಾಗ ಬೆರಳಿನ ಶಾಯಿ ನೋಡಿ, 'ಯಾರಿಗೆ ಒತ್ತಿದ್ರಿ?' ಅಂತ ಎಷ್ಟು ಜನ ಕೇಳಿದರೋ. ಸುಮ್ನೆ ಮುಂದಿನ ಸೀಟಿಗೆ ಹೋದೆ.

ಒಂದೇ ಒಂದು ಸಲ ಸುಮ್ಮನಿರಲು ಆಗಲಿಲ್ಲ. ಹೋದ ಬೇಸಿಗೆಯ ಒಂದು ಮಧ್ಯಾಹ್ನ. ನಿಟ್ಟೂರಿನಲ್ಲಿ ಒಬ್ಬರು ಅಜ್ಜಿ ಹತ್ತಿದರು. ಗುಬ್ಬಿಗೆ, ಆಸ್ಪತ್ರೆಗೆ. ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎಲೆಅಡಿಕೆ ಚೀಲದ ತಳದಲ್ಲಿ ಇಟ್ಟಿದ್ದರು. ತೆಗೆಯೋಕೆ ತಡವಾಯಿತು. ಪಕ್ಕದಲ್ಲಿ ಕೂತಿದ್ದ ಯಜಮಾನರೊಬ್ಬರು ನನ್ನ ಕಡೆ ತಿರುಗಿ, 'ಬಿಟ್ಟಿ ಓಡಾಡೋರಿಗೆ ಎಷ್ಟು ಉಪಚಾರ ನೋಡಿ. ನೀವೇ ಹೇಳಿ ಮೇಡಂ, ಇವರಿಂದ ತಾನೇ ನಮಗೆ ರೇಟ್ ಜಾಸ್ತಿ ಆಗಿದ್ದು?' ಅಂದರು. ಅಜ್ಜಿಯ ಕೈ ಚೀಲದೊಳಗೇ ನಿಂತುಹೋಯಿತು.

'ಸರ್, ಸಿಟ್ಟಿದ್ದರೆ ಎಂಎಲ್‌ಎ ಹತ್ತಿರ ಹೇಳಿ. ಅಜ್ಜಿ ಹತ್ತಿರ ಬೇಡ' ಅಂದೆ. ಆಡಿದ್ದು ಇಷ್ಟೇ ಮಾತು. ನಾನು ಸರ್ಕಾರದ ಪರ ಪ್ರಚಾರ ಮಾಡಿದೆ ಅಂತ ಅವರು ದೂರು ಬರೆದುಕೊಟ್ಟರು. ನಾನು ವಿವರಣೆ ಬರೆದುಕೊಟ್ಟೆ. ವಿಷಯ ಅಲ್ಲಿಗೆ ಮುಗಿಯಿತು. ನನ್ನ ಮನಸ್ಸಿನಲ್ಲಿ ಇನ್ನೂ ಮುಗಿದಿಲ್ಲ. ಅದು ರಾಜಕೀಯ ಹೇಗಾಗುತ್ತದೆ? ನಾಳೆ ಬೇರೆ ಸರ್ಕಾರ ಬಂದು ಯೋಜನೆ ನಿಲ್ಲಿಸಿದರೆ ಅದೇ ಅಜ್ಜಿಯ ಹತ್ತಿರ ಪೂರ್ತಿ ದುಡ್ಡು ಎಣಿಸಿಕೊಳ್ಳುವವಳೂ ನಾನೇ. ಆಗಲೂ ಯಾರಾದರೂ ಅವರನ್ನು ಹಂಗಿಸಿದರೆ ಇದೇ ಮಾತು ಹೇಳುತ್ತೇನೆ. ಹಾಗೆಯೇ, 'ನಿಮ್ಮ ದುಡ್ಡಲ್ಲಿ ಇವರೆಲ್ಲ ಓಡಾಡ್ತಾರೆ ನೋಡಿ' ಅಂತ ಗಂಡಸರಿಗೆ ಹೇಳಿ ಟಿಕೆಟ್ ಹರಿಯುವ ಕಂಡಕ್ಟರ್‌ಗಳೂ ನಮ್ಮಲ್ಲಿದ್ದಾರೆ. ಅದು ತಪ್ಪು ಅಂತ ಅವರಿಗೂ ಹೇಳಿದ್ದೇನೆ.

ಶಕ್ತಿ ಯೋಜನೆ ಸರಿಯೋ ತಪ್ಪೋ ಅಂತ ಇಲ್ಲೂ ನಾನು ಬರೆಯುವುದಿಲ್ಲ. ಅದನ್ನು ಪ್ರಯಾಣಿಕರು ತಮ್ಮತಮ್ಮಲ್ಲಿ ಮಾತಾಡಲಿ, ಜಗಳವನ್ನೇ ಆಡಲಿ. ನಡುವೆ ನನ್ನನ್ನು ಸಾಕ್ಷಿಗೆ ಕರೆಯಬೇಡಿ. ಒಪ್ಪಿದರೂ ದೂರು, ಒಪ್ಪದಿದ್ದರೂ ದೂರು. ಇನ್ನೊಂದು ಮಾತು. ಅವತ್ತು ಬಸ್ಸು ತುಂಬಿತ್ತು, ನಿಂತವರೂ ಇದ್ದರು. ಒಬ್ಬರೂ ಅಜ್ಜಿಯ ಪರ ಮಾತಾಡಲಿಲ್ಲ. ಬಾಯಿಗೆ ಕಟ್ಟು ಇರುವುದು ನನಗೆ. ನಿಮಗೆ ಯಾವ ಕಟ್ಟೂ ಇಲ್ಲವಲ್ಲ.

ಆ ಅಜ್ಜಿ ಈಗಲೂ ನಮ್ಮ ಬಸ್ಸಿಗೆ ಬರುತ್ತಾರೆ. ಹತ್ತುವಾಗಲೇ ಒಂದು ಕೈಯಲ್ಲಿ ಕಾರ್ಡು, ಇನ್ನೊಂದು ಕೈಯಲ್ಲಿ ಮಡಚಿದ ನೋಟು ಹಿಡಿದಿರುತ್ತಾರೆ. ದುಡ್ಡು ಬೇಡ ಅಜ್ಜಿ ಅಂದರೆ, 'ಇರ್ಲಿ ಕಣವ್ವ, ಯಾರಾದ್ರೂ ಏನಾದ್ರೂ ಅಂದ್ರೆ ಕೊಟ್ಬಿಡ್ತೀನಿ' ಅನ್ನುತ್ತಾರೆ.

– ಒಬ್ಬ ಬಸ್ ನಿರ್ವಾಹಕಿ, ತುಮಕೂರು ಜಿಲ್ಲೆ
(ಹೆಸರು ಪ್ರಕಟಿಸಬಾರದಾಗಿ ವಿನಂತಿ)