ಪ್ರಾಜೆಕ್ಟ್‌ಗೆ ಅಂಕ ಕೊಡುವ ಮುನ್ನ ಆಧಾರ ಕೇಳಿ

ಮಾನ್ಯ ಸಂಪಾದಕರೇ,

ಪ್ರೌಢಶಾಲೆ ಮಕ್ಕಳ ಪ್ರಾಜೆಕ್ಟ್‌ಗಳು ಈಗ ಝೆರಾಕ್ಸ್ ಅಂಗಡಿಯಲ್ಲೇ ತಯಾರಾಗುತ್ತಿವೆ. ‘ಗೋಳಗುಮ್ಮಟ’ ಎಂದರೆ ಸಾಕು, ಮೊದಲು ಸಿಕ್ಕ ಪುಟದ ಪ್ರಿಂಟ್ ತೆಗೆದು, ಬೈಂಡ್ ಮಾಡಿ ಕೈಗಿಡುತ್ತಾರೆ. ಇದರಲ್ಲಿ ಮಕ್ಕಳ ತಪ್ಪಿಲ್ಲ. ಹುಡುಕುವುದನ್ನು ಕಲಿಸದೆ ಅಂಕ ಹಾಕುವ ಪದ್ಧತಿಯೇ ತಪ್ಪು.

‘ಜಗತ್ತಿನ ಎರಡನೇ ದೊಡ್ಡ ಗುಮ್ಮಟ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಹತ್ತು ಕಡೆ ಇದ್ದರೂ ಒಬ್ಬರದನ್ನು ಒಬ್ಬರು ನಕಲು ಮಾಡಿದ್ದರೆ ಅದು ಒಂದೇ ಸಾಕ್ಷಿ. ಅಳತೆ ಒಳಗಿನದೋ ಹೊರಗಿನದೋ ಎಂದು ಮಕ್ಕಳು ಕೇಳಬೇಕು. ಹೊರವ್ಯಾಸ ಸುಮಾರು 144 ಅಡಿ, ಒಳವ್ಯಾಸ ಸುಮಾರು 124 ಅಡಿ. ರೋಮ್‌ನ ಪ್ರಾಚೀನ ಮಂದಿರ ಪ್ಯಾಂಥಿಯನ್‌ನ ಗುಮ್ಮಟ ಒಳಗೇ ಸುಮಾರು 142 ಅಡಿ, ಸೇಂಟ್ ಪೀಟರ್ಸ್ ಚರ್ಚಿನದು 136 ಅಡಿ. ನಮ್ಮದರ ಹೊರ ಅಳತೆಯನ್ನು ಅವುಗಳ ಒಳ ಅಳತೆಯ ಪಕ್ಕ ಇಟ್ಟರೆ ಮಾತ್ರ ನಮ್ಮದು ಮುಂದೆ ಕಾಣುತ್ತದೆ. ಗುಮ್ಮಟದ ಹಿರಿಮೆ ಇದರಿಂದ ಕುಗ್ಗುವುದಿಲ್ಲ. ಪುರಾತತ್ವಜ್ಞ ಹೆನ್ರಿ ಕಸಿನ್ಸ್ ವಿಜಯಪುರದ ಕಟ್ಟಡಗಳ ಬಗ್ಗೆ ಬರೆದು 1916ರಲ್ಲಿ ಪ್ರಕಟವಾದ ಗ್ರಂಥ ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರ ನಕ್ಷೆ ತೆರೆದು ತೋರಿಸಲು ಒಂದು ಪಿರಿಯಡ್ ಸಾಕು.

ಅಂಕಿ ಸರಿಯಿದ್ದೂ ಅರ್ಥ ತಪ್ಪುವುದುಂಟು. 1991ರ ಜನಗಣತಿಯಲ್ಲಿ ಬಿಜಾಪುರ ಜಿಲ್ಲೆಗೆ ಸುಮಾರು 29 ಲಕ್ಷ ಜನ, 2011ರಲ್ಲಿ 21.77 ಲಕ್ಷ. ಜನ ಗುಳೆ ಹೋಗಿ ಕಡಿಮೆಯಾದರು ಎಂದು ವಿದ್ಯಾರ್ಥಿ ಬರೆದುಬಿಡಬಹುದು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಅದರ 18.89 ಲಕ್ಷ ಕೂಡಿಸಿದರೆ ಲೆಕ್ಕ 40 ಲಕ್ಷ ದಾಟುತ್ತದೆ. ಹೆಸರಿನದೂ ಇದೇ ತೊಡಕು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಅದಕ್ಕಿಂತ ಹಿಂದಿನ ದಾಖಲೆ ಬೇಕಿದ್ದರೆ ‘ಬಿಜಾಪುರ’ ಎಂದೇ ಹುಡುಕಬೇಕು. ಆಗ ಛತ್ತೀಸಗಡದ ಬಿಜಾಪುರವೂ ನಡುವೆ ನುಸುಳುತ್ತದೆ, ರಾಜ್ಯದ ಹೆಸರು ಸೇರಿಸಬೇಕು.

ಪ್ರಶ್ನೆಯನ್ನೂ ಕಿರಿದಾಗಿಸಬೇಕು. ‘ಆದಿಲ್‌ಶಾಹಿ ಅರಸರು’ ಎಂದರೆ ನಕಲೇ ಬರುತ್ತದೆ. ‘ಅವರ ಕಾಲದಲ್ಲಿ ಪಕ್ಕದ ತೊರವಿ ಹಳ್ಳಿಯಿಂದ ವಿಜಯಪುರಕ್ಕೆ ನೀರು ಹೇಗೆ ಬರುತ್ತಿತ್ತು?’ ಎಂದರೆ ಹುಡುಕಲೇಬೇಕು. 10 ಅಂಕದಲ್ಲಿ 4 ಆಧಾರಕ್ಕೇ ಇರಲಿ: ಬರೆದವರು ಯಾರು, ಯಾವ ವರ್ಷ, ಯಾವ ಪುಟ, ಅವರಿಗೆ ಹೇಗೆ ಗೊತ್ತಾಯಿತು. ಒಂದಾದರೂ ಅಚ್ಚಾದ ಪುಸ್ತಕ ಬೇಕು. ಹಳ್ಳಿ ಮಕ್ಕಳಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವಿದೆ. ಕಣ್ಣಾರೆ ನೋಡದ ಪುಸ್ತಕದ ಹೆಸರು ಬರೆಯಕೂಡದು, ಏಕೆಂದರೆ ಇಲ್ಲದ ಪುಸ್ತಕಕ್ಕೂ ಎಐ ಪುಟಸಂಖ್ಯೆ ಕೊಡುತ್ತದೆ. ಮನೆಯ ಹಿರಿಯರ ಮಾತೂ ಆಧಾರವೇ. 1972ರ ಬರಗಾಲಕ್ಕೆ ಅಜ್ಜಿ ಕಣ್ಣಾರೆ ಕಂಡ ಸಾಕ್ಷಿ, ಆದಿಲ್‌ಶಾಹಿ ಕಾಲಕ್ಕೆ ಅಲ್ಲ. ಈ ವ್ಯತ್ಯಾಸ ತಿಳಿದ ಹುಡುಗಿ ವಾಟ್ಸ್‌ಆ್ಯಪ್ ಸುದ್ದಿಗೂ ಅದೇ ಪ್ರಶ್ನೆ ಹಾಕುತ್ತಾಳೆ.

ಅಂಗಡಿಯ ಪ್ರಿಂಟ್ ಸ್ವೀಕರಿಸುವುದಿಲ್ಲ, ಕೈಬರಹದ ನಾಲ್ಕು ಪುಟ ಮತ್ತು ಆಧಾರದ ಒಂದು ಪುಟ ಸಾಕು ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗಳು ಈ ವರ್ಷವೇ ಸುತ್ತೋಲೆ ಹೊರಡಿಸಲಿ.

– ಸಮಾಜ ವಿಜ್ಞಾನ ಶಿಕ್ಷಕರು, ವಿಜಯಪುರ